ಕಣಜ ತುಂಬಿದರೂ ಹಸಿವು ಏಕೆ? ಆಹಾರದ ಹಕ್ಕು ಮತ್ತು ರೈತ

ಅನ್ನವನ್ನು ದೇವರೆಂದು ಕರೆಯುವ ನಾಡು ನಮ್ಮದು. ರಾಶಿ ಪೂಜೆ ಮಾಡದೆ ಕಣದಿಂದ ಧಾನ್ಯವನ್ನು ಮನೆಗೆ ಸಾಗಿಸುವ ಪದ್ಧತಿ ನಮ್ಮ ರೈತರಲ್ಲಿಲ್ಲ. ಹೀಗಿದ್ದರೂ ಅನ್ನ ಬೆಳೆಯುವ ಹಳ್ಳಿಗಳಲ್ಲಿಯೇ ಅರೆಹೊಟ್ಟೆಯಲ್ಲಿ ಮಲಗುವ ಕುಟುಂಬಗಳಿವೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಅಂದಾಜಿನಂತೆ 2024ರಲ್ಲಿ ಜಗತ್ತಿನ ಸುಮಾರು 67 ಕೋಟಿ ಜನರಿಗೆ ಸಾಕಷ್ಟು ಆಹಾರ ದೊರೆಯಲಿಲ್ಲ. ಇವರಲ್ಲಿ ಹೆಚ್ಚಿನವರು ಪಟ್ಟಣವಾಸಿಗಳಲ್ಲ, ಹಳ್ಳಿಗಳಲ್ಲಿ ಭೂಮಿಯನ್ನು ನಂಬಿ ಬದುಕುವವರು.

ಇದಕ್ಕೆ ಕಾರಣ ಧಾನ್ಯದ ಕೊರತೆಯೇ? ಒಂದು ಸರಳ ಲೆಕ್ಕ ಮಾಡಿ ನೋಡೋಣ. ಈಚಿನ ವರ್ಷಗಳಲ್ಲಿ ಪ್ರಪಂಚದ ಒಟ್ಟು ಏಕದಳ ಧಾನ್ಯದ ಉತ್ಪಾದನೆ ವರ್ಷಕ್ಕೆ ಸುಮಾರು 280 ಕೋಟಿ ಟನ್. ಜನಸಂಖ್ಯೆ ಸುಮಾರು 800 ಕೋಟಿ. ಸಮನಾಗಿ ಹಂಚಿದರೆ ಒಬ್ಬರಿಗೆ ವರ್ಷಕ್ಕೆ 350 ಕಿಲೋ, ಅಂದರೆ ದಿನಕ್ಕೆ ಒಂದು ಕಿಲೋದಷ್ಟು ಬರುತ್ತದೆ. ಒಬ್ಬ ವ್ಯಕ್ತಿ ದಿನಕ್ಕೆ ಉಣ್ಣುವುದು ಹೆಚ್ಚೆಂದರೆ ಅರ್ಧ ಕಿಲೋ. ಈ ಧಾನ್ಯದಲ್ಲಿ ಸುಮಾರು ಮೂರನೆಯ ಒಂದು ಭಾಗ ದನ, ಹಂದಿ, ಕೋಳಿಗಳ ಆಹಾರಕ್ಕೆ ಹೋಗುತ್ತದೆ. ಅದನ್ನು ಕಳೆದರೂ ಎಲ್ಲರಿಗೂ ಸಾಲುವಷ್ಟು ಉಳಿಯುತ್ತದೆ.

ನಮ್ಮ ದೇಶದ ಮಾತೂ ಇದೇ. 1950-51ರಲ್ಲಿ 5 ಕೋಟಿ ಟನ್ನಿನಷ್ಟಿದ್ದ ಆಹಾರ ಧಾನ್ಯದ ಉತ್ಪಾದನೆ 2023-24ರಲ್ಲಿ 33 ಕೋಟಿ ಟನ್ ದಾಟಿತು. 1966ರಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯವನ್ನು ಹಡಗುಗಳಲ್ಲಿ ತರಿಸಿಕೊಂಡ ದೇಶ ಇಂದು ಅಕ್ಕಿಯನ್ನು ಹೊರದೇಶಗಳಿಗೆ ಮಾರುತ್ತಿದೆ. ಇದು ರೈತರ ಶ್ರಮದ ಮತ್ತು ಸುಧಾರಿತ ತಳಿಗಳ ಫಲ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 5 ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಹಾಗಾದರೆ ಬೆಳೆದ ಧಾನ್ಯ ಹಸಿದ ಹೊಟ್ಟೆಯನ್ನು ಏಕೆ ಮುಟ್ಟುತ್ತಿಲ್ಲ ಎಂಬುದನ್ನು ರೈತರಾದ ನಾವು ತಿಳಿದುಕೊಳ್ಳಬೇಕು.

ಬರಗಾಲಗಳು ಕಲಿಸಿದ ಪಾಠ

1876ರಿಂದ 1878ರವರೆಗಿನ ಧಾತು-ಈಶ್ವರ ಸಂವತ್ಸರಗಳ ಬರವನ್ನು ಹಳೆಯ ಮೈಸೂರಿನ ಹಿರಿಯರು ತಲೆಮಾರುಗಳವರೆಗೆ ಮರೆಯಲಿಲ್ಲ. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಮಳೆ ಕೈಕೊಟ್ಟು ಬೆಳೆ ಹೋದುದು ನಿಜ. ಆದರೆ ಅದೇ ಕಾಲದಲ್ಲಿ ದೇಶದ ಬಂದರುಗಳಿಂದ ಗೋಧಿ ಹೊರದೇಶಕ್ಕೆ ಸಾಗುತ್ತಿತ್ತು. ಕೆಲಸವಿಲ್ಲದ ಕೂಲಿಕಾರನಿಗೂ ಬೆಳೆ ಕಳೆದುಕೊಂಡ ರೈತನಿಗೂ ಏರಿದ ಬೆಲೆ ಕೊಟ್ಟು ರಾಗಿ ಕೊಳ್ಳುವ ಶಕ್ತಿ ಇರಲಿಲ್ಲ. 1880ರ ಕ್ಷಾಮ ಆಯೋಗವೇ ಈ ಮಾತನ್ನು ಒಪ್ಪಿ, ಬರ ಬಂದಾಗ ಜನರಿಗೆ ಕೆಲಸ ಮತ್ತು ಕೂಲಿ ಒದಗಿಸುವುದು ಮುಖ್ಯವೆಂದು ಹೇಳಿತು.

1943ರಲ್ಲಿ ಬಂಗಾಳದ ಕ್ಷಾಮದಲ್ಲಿ 20ರಿಂದ 30 ಲಕ್ಷ ಜನ ಸತ್ತರೆಂದು ಅಂದಾಜು. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಈ ಕ್ಷಾಮದ ಲೆಕ್ಕಗಳನ್ನು ಪರಿಶೀಲಿಸಿ, ಆ ವರ್ಷ ಬಂಗಾಳದಲ್ಲಿದ್ದ ಧಾನ್ಯ ಕ್ಷಾಮವಿಲ್ಲದ 1941ಕ್ಕಿಂತ ಕಡಿಮೆ ಇರಲಿಲ್ಲವೆಂದು ತೋರಿಸಿದರು. ಯುದ್ಧಕಾಲದ ಬೆಲೆ ಏರಿಕೆಯಿಂದಾಗಿ ಭೂಹೀನ ಕೂಲಿಗಾರರು, ಮೀನುಗಾರರು ಮುಂತಾದವರ ಗಳಿಕೆಗೆ ಅಕ್ಕಿ ಎಟುಕದೆ ಹೋಯಿತು. ಅಂದರೆ, ಹಸಿವು ಎಂಬುದು ಊರಿನಲ್ಲಿ ಧಾನ್ಯವಿಲ್ಲದ ಸ್ಥಿತಿ ಮಾತ್ರವಲ್ಲ. ಇರುವ ಧಾನ್ಯದ ಮೇಲೆ ಮನುಷ್ಯನಿಗೆ ಹಕ್ಕಿಲ್ಲದ ಸ್ಥಿತಿ.

ರೈತ ಬಾಂಧವರು ಈ ಮಾತನ್ನು ತಮ್ಮ ಅನುಭವಕ್ಕೆ ಹೋಲಿಸಿ ನೋಡಬಹುದು. ಖುಷ್ಕಿ ಪ್ರದೇಶದ ಸಣ್ಣ ಹಿಡುವಳಿದಾರ ಸುಗ್ಗಿಯಲ್ಲಿ ಸಾಲ ತೀರಿಸಲೆಂದು ಅಗ್ಗದ ಬೆಲೆಗೆ ಮಾರುತ್ತಾನೆ. ಮುಂಗಾರಿನಲ್ಲಿ ಕಣಜ ಬರಿದಾದಾಗ ಅದೇ ಧಾನ್ಯವನ್ನು ಹೆಚ್ಚಿನ ಬೆಲೆ ತೆತ್ತು ಕೊಳ್ಳುತ್ತಾನೆ. ಉಳುಮೆ, ಬಿತ್ತನೆ, ಕಳೆ ಕೀಳುವ ಕೆಲಸ ಹೆಚ್ಚಾಗಿರುವ ತಿಂಗಳುಗಳಲ್ಲಿಯೇ ಮನೆಯಲ್ಲಿ ಊಟ ಕಡಿಮೆಯಾಗುತ್ತದೆ. ‘ಬರಗಾಲದಲ್ಲಿ ಅಧಿಕ ಮಾಸ’ ಎಂಬ ಗಾದೆ ಇಂಥ ಅನುಭವದಿಂದಲೇ ಹುಟ್ಟಿರಬೇಕು.

ಹಸಿವಿನ ವಿರುದ್ಧ ಜಾಗತಿಕ ಪ್ರಯತ್ನ

ಎರಡನೆಯ ಮಹಾಯುದ್ಧ ಮುಗಿದ ವರ್ಷವೇ, 1945ರ ಅಕ್ಟೋಬರ್ 16ರಂದು, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸ್ಥಾಪನೆಯಾಯಿತು. ಈ ದಿನವನ್ನು 1981ರಿಂದ ‘ವಿಶ್ವ ಆಹಾರ ದಿನ’ವಾಗಿ ಆಚರಿಸಲಾಗುತ್ತಿದೆ. 1948ರ ಡಿಸೆಂಬರ್ 10ರಂದು ಅಂಗೀಕರಿಸಿದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 25ನೆಯ ವಿಧಿಯು ಬಟ್ಟೆ, ವಸತಿ, ವೈದ್ಯಕೀಯ ಆರೈಕೆಗಳ ಜೊತೆಗೆ ಆಹಾರವನ್ನೂ ಮನುಷ್ಯನ ಹಕ್ಕೆಂದು ಸಾರಿತು. 1966ರ ಆರ್ಥಿಕ, ಸಾಮಾಜಿಕ ಮತ್ತು ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಯು ಹಸಿವಿನಿಂದ ಮುಕ್ತನಾಗಿರುವುದು ಪ್ರತಿಯೊಬ್ಬನ ಮೂಲಭೂತ ಹಕ್ಕೆಂದು ಹೇಳಿ, ಇದಕ್ಕಾಗಿ ಉತ್ಪಾದನೆ, ಸಂರಕ್ಷಣೆ ಮತ್ತು ಹಂಚಿಕೆಯ ವಿಧಾನಗಳನ್ನು ಸುಧಾರಿಸುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿತು. ಭಾರತ 1979ರಲ್ಲಿ ಈ ಒಡಂಬಡಿಕೆಯನ್ನು ಒಪ್ಪಿಕೊಂಡಿತು.

ಈ ಮಾತನ್ನು ಜನರ ಚಳವಳಿಯಾಗಿ ಮಾಡುವುದರಲ್ಲಿ ಒಬ್ಬ ಭಾರತೀಯರ ಪಾತ್ರ ದೊಡ್ಡದು. ಬಂಗಾಳದ ಕ್ಷಾಮದ ಕಾಲದಲ್ಲಿ ಪರಿಹಾರ ಕಾರ್ಯದ ಅಧಿಕಾರಿಯಾಗಿದ್ದ ಬಿನಯ್ ರಂಜನ್ ಸೇನ್ ಅವರು ಮುಂದೆ ಆಹಾರ ಮತ್ತು ಕೃಷಿ ಸಂಸ್ಥೆಯ ಮಹಾನಿರ್ದೇಶಕರಾಗಿ 1960ರಲ್ಲಿ ‘ಹಸಿವಿನಿಂದ ಮುಕ್ತಿ ಆಂದೋಲನ’ವನ್ನು ಆರಂಭಿಸಿದರು. ಸರ್ಕಾರಗಳಷ್ಟೇ ಅಲ್ಲದೆ ಸಂಘಸಂಸ್ಥೆಗಳೂ ಸಾಮಾನ್ಯ ಜನರೂ ಇದರಲ್ಲಿ ಪಾಲುಗೊಂಡರು. ಹತ್ತು ವರ್ಷಗಳಲ್ಲಿ ಯಾವ ಮಗುವೂ ಹಸಿದು ಮಲಗದಂತೆ ಮಾಡುವುದಾಗಿ 1974ರಲ್ಲಿ ರೋಮ್ ನಗರದ ವಿಶ್ವ ಆಹಾರ ಸಮ್ಮೇಳನ ಸಂಕಲ್ಪ ಮಾಡಿತು. ಹಸಿದವರ ಸಂಖ್ಯೆಯನ್ನು 2015ರೊಳಗೆ ಅರ್ಧಕ್ಕಿಳಿಸುವುದಾಗಿ 1996ರ ಶೃಂಗಸಭೆ ಸಾರಿತು. ಎರಡೂ ಗುರಿಗಳು ಈಡೇರಲಿಲ್ಲ. ಈಗ 2030ರ ಗುರಿ ಮುಂದಿದೆ. ಸಂಕಲ್ಪ ಮಾತ್ರದಿಂದ ಹೊಟ್ಟೆ ತುಂಬುವುದಿಲ್ಲ. ಕೊಡದಿದ್ದರೆ ಕೇಳಿ ಪಡೆಯುವ ಕಾನೂನು ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಉಗ್ರಾಣದಲ್ಲಿ ಧಾನ್ಯ, ಊರಿನಲ್ಲಿ ಹಸಿವು

ಅಂಥ ಕಾನೂನು ನಮ್ಮ ದೇಶದಲ್ಲಿ ಬಂದ ಬಗೆ ತಿಳಿಯತಕ್ಕದ್ದು. 2001ರಲ್ಲಿ ರಾಜಸ್ಥಾನ ಬರದಿಂದ ತತ್ತರಿಸುತ್ತಿತ್ತು. ಅದೇ ವೇಳೆಗೆ ಸರ್ಕಾರದ ಉಗ್ರಾಣಗಳಲ್ಲಿ ಸುಮಾರು 6 ಕೋಟಿ ಟನ್ ಅಕ್ಕಿ, ಗೋಧಿ ಸೇರಿತ್ತು. ಇದು ಆಪತ್ಕಾಲಕ್ಕೆಂದು ಇಡಬೇಕಾದ ದಾಸ್ತಾನಿನ ಎರಡು ಪಟ್ಟಿಗಿಂತ ಹೆಚ್ಚು. ‘ದೇವರು ಕೊಟ್ಟರೂ ಪೂಜಾರಿ ಕೊಡ’ ಎನ್ನುವಂತೆ, ರೈತ ಬೆಳೆದುಕೊಟ್ಟ ಧಾನ್ಯ ಹಸಿದವನ ಕೈ ಸೇರದೆ ಉಗ್ರಾಣದಲ್ಲಿಯೇ ಉಳಿದಿತ್ತು.

ಆ ವರ್ಷದ ಏಪ್ರಿಲ್ ತಿಂಗಳಲ್ಲಿ ರಾಜಸ್ಥಾನದ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಸರ್ವೋಚ್ಚ ನ್ಯಾಯಾಲಯದ ಮೊರೆ ಹೋಯಿತು. ಸಂವಿಧಾನದ 21ನೆಯ ವಿಧಿ ಪ್ರಜೆಗೆ ಜೀವಿಸುವ ಹಕ್ಕು ಕೊಟ್ಟಿದೆ; ಅನ್ನವಿಲ್ಲದೆ ಜೀವವಿಲ್ಲ; ಆದ್ದರಿಂದ ಅನ್ನವೂ ಹಕ್ಕು ಎಂಬುದು ಅದರ ವಾದ. ಜನರ ಪೌಷ್ಟಿಕತೆಯ ಮಟ್ಟವನ್ನು ಹೆಚ್ಚಿಸುವುದು ಸರ್ಕಾರದ ಕರ್ತವ್ಯವೆಂದು 47ನೆಯ ವಿಧಿ ಮೊದಲೇ ಹೇಳಿತ್ತು. 2001ರ ನವೆಂಬರ್ 28ರಂದು ನ್ಯಾಯಾಲಯವು ಒಂದು ಮಹತ್ವದ ಆದೇಶ ನೀಡಿ, ಪಡಿತರ, ಅಂತ್ಯೋದಯ, ಅಂಗನವಾಡಿ ಮುಂತಾದ ಯೋಜನೆಗಳ ಸೌಲಭ್ಯಗಳನ್ನು ಫಲಾನುಭವಿಗಳು ಹಕ್ಕಿನಿಂದ ಪಡೆಯುವಂತೆ ಮಾಡಿತು. ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಹಸಿ ಧಾನ್ಯದ ಬದಲು ಬೇಯಿಸಿದ ಬಿಸಿಯೂಟ ಕೊಡಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಆರಂಭವಾದ ‘ಅಕ್ಷರ ದಾಸೋಹ’ ಇಂದು ನಿಮ್ಮ ಊರಿನ ಶಾಲೆಯಲ್ಲಿಯೂ ನಡೆಯುತ್ತಿದೆ.

ನ್ಯಾಯಾಲಯದ ಹೊರಗೆ ಕೆಲಸ ಮಾಡಿದವರು ಸಾಮಾನ್ಯ ಜನರು. ಊರೂರುಗಳಲ್ಲಿ ನ್ಯಾಯಬೆಲೆ ಅಂಗಡಿಗಳ ಲೆಕ್ಕ ಪರಿಶೀಲಿಸಿ, ಬಹಿರಂಗ ಸಭೆಗಳಲ್ಲಿ ಜನರಿಂದಲೇ ಅಹವಾಲು ಹೇಳಿಸಿ, ವರದಿಗಳನ್ನು ಬರೆದು ಕಳುಹಿಸಿದರು. ಈ ಒತ್ತಾಯದ ಫಲವಾಗಿ 2013ರಲ್ಲಿ ಸಂಸತ್ತು ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಅಂಗೀಕರಿಸಿತು. ಕರ್ನಾಟಕದ ‘ಅನ್ನಭಾಗ್ಯ’ ಯೋಜನೆ ಆರಂಭವಾದುದೂ ಅದೇ ವರ್ಷ.

ಕಾಯ್ದೆಯಿಂದ ದೊರೆಯುವುದೇನು?

1. ಗ್ರಾಮಾಂತರದಲ್ಲಿ ದೇಶದ ಶೇಕಡಾ 75ರವರೆಗೆ, ಪಟ್ಟಣಗಳಲ್ಲಿ ಶೇಕಡಾ 50ರವರೆಗೆ ಜನರು ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತಾರೆ. ಆದ್ಯತಾ ಕುಟುಂಬದ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ, ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲುತ್ತದೆ. ಮೊದಲು ಅಕ್ಕಿಗೆ ಕಿಲೋಗೆ 3 ರೂಪಾಯಿ, ಗೋಧಿಗೆ 2, ರಾಗಿ-ಜೋಳದಂಥ ಧಾನ್ಯಕ್ಕೆ 1 ರೂಪಾಯಿ ಇತ್ತು. 2023ರ ಜನವರಿ 1ರಿಂದ ಇದನ್ನು ಉಚಿತ ಮಾಡಲಾಯಿತು. 2024ರ ಜನವರಿಯಿಂದ ಐದು ವರ್ಷಗಳಿಗೆ ಇದು ಮುಂದುವರಿದಿದೆ.

2. ಗರ್ಭಿಣಿಯರಿಗೆ, ಹೆರಿಗೆಯ ನಂತರ 6 ತಿಂಗಳವರೆಗೆ ಬಾಣಂತಿಯರಿಗೆ ಮತ್ತು 6 ತಿಂಗಳಿಂದ 6 ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ ಸಲ್ಲಬೇಕು.

3. ಶಾಲೆಯ ಬಿಸಿಯೂಟದಲ್ಲಿ ಕಿರಿಯ ಪ್ರಾಥಮಿಕ ಮಗುವಿಗೆ 450 ಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಸಸಾರಜನಕ, ಹಿರಿಯ ಪ್ರಾಥಮಿಕ ಮಗುವಿಗೆ 700 ಕ್ಯಾಲೊರಿ ಮತ್ತು 20 ಗ್ರಾಂ ಸಸಾರಜನಕ ಇರಬೇಕೆಂದು ಕಾಯ್ದೆಯೇ ನಿಗದಿ ಮಾಡಿದೆ.

4. ಪಡಿತರ ಚೀಟಿಯಲ್ಲಿ 18 ವರ್ಷ ಮೀರಿದ ಹಿರಿಯ ಮಹಿಳೆಯೇ ಕುಟುಂಬದ ಮುಖ್ಯಸ್ಥೆ.

5. ಸಲ್ಲಬೇಕಾದ ಧಾನ್ಯವನ್ನಾಗಲಿ ಊಟವನ್ನಾಗಲಿ ಒದಗಿಸದಿದ್ದರೆ ಸರ್ಕಾರ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕು.

ತೂಕ ಕಡಿಮೆಯಾದರೆ, ಅಂಗಡಿ ತೆರೆಯದಿದ್ದರೆ ಸುಮ್ಮನೆ ಮರಳಿ ಬರಬಾರದು. ನ್ಯಾಯಬೆಲೆ ಅಂಗಡಿಯ ಜಾಗೃತಿ ಸಮಿತಿಯ ಗಮನಕ್ಕೆ ತರಬೇಕು. 1967 ಸಂಖ್ಯೆಗೆ ಉಚಿತವಾಗಿ ದೂರವಾಣಿ ಮಾಡಬಹುದು. ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ಲಿಖಿತ ದೂರು ಕೊಡಬೇಕು. ಅದರ ಮೇಲೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಪರಿಹಾರ ಒದಗಿಸದ ಅಧಿಕಾರಿಗೆ 5,000 ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ದುಡಿಮೆಗೆಂದು ಬೇರೆ ಊರಿಗೆ, ಬೇರೆ ರಾಜ್ಯಕ್ಕೆ ಗುಳೆ ಹೋದವರು ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿಯೂ ತಮ್ಮ ಪಾಲಿನ ಧಾನ್ಯ ಪಡೆಯಬಹುದು.

ರೈತರ ಒಂದು ಆಕ್ಷೇಪಣೆ

‘ಪುಕ್ಕಟೆ ಅಕ್ಕಿ ಕೊಟ್ಟರೆ ಕೆಲಸಕ್ಕೆ ಆಳು ಸಿಗುವುದಿಲ್ಲ’ ಎಂಬ ಮಾತನ್ನು ಹೊಲದ ಬದುಗಳಲ್ಲಿ ಪದೇ ಪದೇ ಕೇಳುತ್ತೇವೆ. ಇದನ್ನೂ ಲೆಕ್ಕದಿಂದಲೇ ನೋಡೋಣ. ತಿಂಗಳಿಗೆ 5 ಕಿಲೋ ಎಂದರೆ ದಿನಕ್ಕೆ 167 ಗ್ರಾಂ. ಅದರಿಂದ ದೊರೆಯುವುದು ಸುಮಾರು 580 ಕ್ಯಾಲೊರಿ. ಮೈಮುರಿದು ದುಡಿಯುವ ಆಳಿಗೆ ದಿನಕ್ಕೆ ಬೇಕಾದುದರಲ್ಲಿ ಇದು ಕಾಲು ಭಾಗವೂ ಆಗುವುದಿಲ್ಲ. ಅಷ್ಟೇ ಧಾನ್ಯವನ್ನು ಮತ್ತೆ ಸೇರಿಸಿಕೊಟ್ಟರೂ ಅರ್ಧ ತುಂಬುವುದಿಲ್ಲ. ಬೇಳೆ, ಎಣ್ಣೆ, ಬಟ್ಟೆ, ಔಷಧಿ, ಮಕ್ಕಳ ಓದು ಇವೆಲ್ಲಕ್ಕೂ ಅವರು ದುಡಿಯಲೇಬೇಕು. ಪಡಿತರದಿಂದ ಆಗುವುದಿಷ್ಟು: ಹಸಿವಿಗೆ ಅಂಜಿ ಸಿಕ್ಕಷ್ಟು ಕೂಲಿಗೆ ಒಪ್ಪಿಕೊಳ್ಳುವ ಸ್ಥಿತಿ ತಪ್ಪುತ್ತದೆ. ಕೃಷಿಯ ವೆಚ್ಚ ಹೆಚ್ಚುತ್ತಿರುವುದು ನಿಜವಾದ ಕಷ್ಟವೇ. ಆದರೆ ಅದಕ್ಕೆ ಪರಿಹಾರ ಬೆಳೆಗೆ ತಕ್ಕ ಬೆಲೆಯೇ ಹೊರತು ಆಳಿನ ಹಸಿವಲ್ಲ.

ಇನ್ನೊಂದು ಮಾತು. ಈ ಕಾಯ್ದೆಯನ್ನು ನಡೆಸಲು ವರ್ಷಕ್ಕೆ ಸುಮಾರು 6 ಕೋಟಿ ಟನ್ ಧಾನ್ಯ ಬೇಕು. ಅದನ್ನು ಸರ್ಕಾರ ಬೆಂಬಲ ಬೆಲೆ ಕೊಟ್ಟು ರೈತರಿಂದಲೇ ಕೊಳ್ಳುತ್ತದೆ. ಹಸಿದವನ ಹಕ್ಕು ಗಟ್ಟಿಯಾದಷ್ಟೂ ಬೆಳೆದವನ ಮಾರುಕಟ್ಟೆ ಗಟ್ಟಿಯಾಗುತ್ತದೆ. ಬ್ರೆಜಿಲ್ ದೇಶದಲ್ಲಿ 2009ರ ಕಾನೂನೊಂದು ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದಲ್ಲಿ ಕನಿಷ್ಠ ಶೇಕಡಾ 30ರಷ್ಟನ್ನು ಸಣ್ಣ ರೈತ ಕುಟುಂಬಗಳ ಬೆಳೆ ಕೊಳ್ಳಲು ಬಳಸಬೇಕೆಂದು ವಿಧಿಸಿತು. ಮಗುವಿನ ತಟ್ಟೆಗೂ ರೈತನ ಹೊಲಕ್ಕೂ ಹೀಗೆ ನೇರ ಸಂಬಂಧ ಏರ್ಪಟ್ಟಿತು. ಕರ್ನಾಟಕದಲ್ಲಿ ಬೆಂಬಲ ಬೆಲೆಗೆ ರಾಗಿ, ಜೋಳ ಕೊಂಡು ಪಡಿತರದಲ್ಲಿ ಹಂಚುವ ವ್ಯವಸ್ಥೆಯೂ ಇದೇ ಜಾತಿಯದು. ಖರೀದಿ ಕೇಂದ್ರದಲ್ಲಿ ಹೆಸರು ನೋಂದಾಯಿಸುವ ಅವಧಿಯನ್ನು ರೈತರು ತಪ್ಪಿಸಿಕೊಳ್ಳಬಾರದು.

ಹೊಟ್ಟೆ ತುಂಬಿದರೆ ಸಾಲದು

ಬರಿಯ ಅಕ್ಕಿಯಿಂದ ಹೊಟ್ಟೆ ತುಂಬಬಹುದು, ದೇಹದ ಕೊರತೆ ತುಂಬುವುದಿಲ್ಲ. ಇದನ್ನು ಮರೆಯಲ್ಲಿರುವ ಹಸಿವು ಎನ್ನುತ್ತಾರೆ. ಮಕ್ಕಳ ಎತ್ತರ ಕುಗ್ಗಲು, ತಾಯಂದಿರಲ್ಲಿ ರಕ್ತ ಕಡಿಮೆಯಾಗಲು ಇದೂ ಒಂದು ದೊಡ್ಡ ಕಾರಣ.

100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿರುವುದು 10 ಮಿಲಿಗ್ರಾಂ ಆಸುಪಾಸು. ಆದರೆ ಅಕ್ಕಿ, ರಾಗಿ ಎರಡರಲ್ಲಿಯೂ ಸಸಾರಜನಕ 7ರಿಂದ 8 ಗ್ರಾಂ ಮಾತ್ರ. ತೊಗರಿ, ಅವರೆ, ಹುರುಳಿ ಮೊದಲಾದ ದ್ವಿದಳ ಧಾನ್ಯಗಳಲ್ಲಿ 20ರಿಂದ 25 ಗ್ರಾಂ ಇರುತ್ತದೆ. ಏಕದಳ ಧಾನ್ಯಗಳಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಅಂಶ ಬೇಳೆಕಾಳುಗಳಲ್ಲಿ ಹೇರಳವಾಗಿದೆ. ಆದ್ದರಿಂದ ಮುದ್ದೆಯ ಜೊತೆಗೆ ಅವರೆಕಾಳಿನ ಸಾರು ಉಣ್ಣುವ ನಮ್ಮ ಹಿರಿಯರ ರೂಢಿ ಶಾಸ್ತ್ರಸಮ್ಮತವಾದುದು.

ಈ ಊಟ ಹೊಲದಲ್ಲಿಯೇ ಸಿದ್ಧವಾಗುತ್ತದೆ. ರಾಗಿಯಲ್ಲಿ ಅಕ್ಕಡಿ ಸಾಲು ಬಿಡಬೇಡಿರಿ. 8 ಸಾಲು ರಾಗಿಗೆ 2 ಸಾಲು ತೊಗರಿ, ಇಲ್ಲವೆ 8 ಸಾಲಿಗೆ 1 ಸಾಲು ಅವರೆ ಹಾಕುವುದು ಶಿಫಾರಸು ಮಾಡಿದ ಕ್ರಮ. ಮಳೆ ನಡುವೆ ಕೈಕೊಟ್ಟರೂ ಒಂದು ಬೆಳೆಯಾದರೂ ಕೈಗೆ ಬರುತ್ತದೆ. ದ್ವಿದಳ ಬೆಳೆಯ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುವುದರಿಂದ ಮಣ್ಣಿಗೂ ಒಳ್ಳೆಯದು.

ಮನೆಯ ಕಣಜಕ್ಕೆ ಲೆಕ್ಕವಿರಲಿ

ಕಾಯ್ದೆ ಕೊಡುವುದು ಆಸರೆ ಮಾತ್ರ. ರೈತ ಕುಟುಂಬಕ್ಕೆ ಮೊದಲ ಆಸರೆ ತನ್ನದೇ ಕಣಜ. ತಲೆಗೆ ದಿನಕ್ಕೆ 400 ಗ್ರಾಂನಂತೆ ಐದು ಜನರ ಕುಟುಂಬಕ್ಕೆ ತಿಂಗಳಿಗೆ 60 ಕಿಲೋ ಧಾನ್ಯ ಬೇಕು. ಪಡಿತರ ಚೀಟಿಯಿಂದ 25 ಕಿಲೋ ಬಂದರೆ ಉಳಿಯುವ ಕೊರತೆ 35 ಕಿಲೋ. ವರ್ಷಕ್ಕೆ 4 ಕ್ವಿಂಟಾಲ್ 20 ಕಿಲೋ. ಚೀಟಿ ಇಲ್ಲದ ಕುಟುಂಬಕ್ಕೆ 7 ಕ್ವಿಂಟಾಲಿಗೂ ಹೆಚ್ಚು ಬೇಕು. ಮಳೆ ಅನುಕೂಲವಾಗಿ, ಒಳ್ಳೆಯ ತಳಿ ಮತ್ತು ಗೊಬ್ಬರ ಬಳಸಿದರೆ ಒಂದು ಎಕರೆ ಖುಷ್ಕಿಯಲ್ಲಿ 8ರಿಂದ 10 ಕ್ವಿಂಟಾಲ್ ರಾಗಿ ಬೆಳೆಯಬಹುದು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಸಂಕರಗೊಳಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟ ಮೇಲೆ ಇಂಥ ಇಳುವರಿ ಸಾಮಾನ್ಯ ರೈತರಿಗೂ ಸಾಧ್ಯವಾಯಿತು. ಆದ್ದರಿಂದ ಈ ಕ್ರಮಗಳನ್ನು ಪಾಲಿಸಿರಿ:

1. ಸುಗ್ಗಿಯಲ್ಲಿ ಮಾರುವ ಮೊದಲು ಮುಂದಿನ ಸುಗ್ಗಿಯವರೆಗಿನ ಊಟದ ಧಾನ್ಯವನ್ನೂ ಬಿತ್ತನೆ ಬೀಜವನ್ನೂ ತೆಗೆದಿಡಿ. ಉಳಿದುದನ್ನು ಮಾರಿ.

2. ರಾಗಿಯನ್ನು ತೇವಾಂಶ ಶೇಕಡಾ 12ಕ್ಕೆ, ಬೇಳೆಕಾಳುಗಳನ್ನು ಶೇಕಡಾ 9-10ಕ್ಕೆ ಇಳಿಯುವವರೆಗೆ ಬಿಸಿಲಿನಲ್ಲಿ ಒಣಗಿಸಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿದಾಗ ಕಟ್ಟೆಂದು ಒಡೆಯಬೇಕು. ಚೆನ್ನಾಗಿ ಒಣಗಿದ ರಾಗಿ ವರ್ಷಗಟ್ಟಲೆ ಕೆಡದು. ಹಿಂದಿನವರು ಹಗೇವುಗಳಲ್ಲಿ ಇಟ್ಟು ಬರಗಾಲ ಕಳೆದದ್ದು ಇದರಿಂದಲೇ.

3. ಕಾಳು ಕೊರೆಯುವ ಹುಳು ಬಾರದಂತೆ ಪ್ರತಿ ಕಿಲೋ ಕಾಳಿಗೆ 5 ಮಿಲಿಲೀಟರ್ ಅಡಿಗೆ ಎಣ್ಣೆ ಸವರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಮೂಟೆಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ.

4. ಮನೆಯಲ್ಲಿ ಗಂಡಸರು ಉಂಡ ಮೇಲೆ ಉಳಿದುದನ್ನು ಹೆಂಗಸರು ಉಣ್ಣುವ ರೂಢಿಯನ್ನು ಬಿಡಿ. ಬಸುರಿ, ಬಾಣಂತಿ, ಎಳೆಯ ಮಕ್ಕಳ ಪಾಲು ಮೊದಲು ಸಲ್ಲಲಿ.

5. ಗ್ರಾಮಸಭೆಗೆ ತಪ್ಪದೆ ಹೋಗಿ. ಊರಿನಲ್ಲಿ ಯಾರಿಗೆ ಚೀಟಿ ಇಲ್ಲ, ಅಂಗನವಾಡಿಯ ಆಹಾರ ಸರಿಯಾಗಿ ಬರುತ್ತಿದೆಯೇ, ಶಾಲೆಯ ಸಾರಿನಲ್ಲಿ ಬೇಳೆ ಇದೆಯೇ ಎಂದು ಕೇಳಿ. ವೃದ್ಧರು, ಒಂಟಿ ಹೆಂಗಸರು, ಅಂಗವಿಕಲರು ತಾವೇ ಕೇಳಲಾರರು. ಅವರ ಪರವಾಗಿ ನೀವು ಕೇಳಬೇಕು.

ಹಸಿವನ್ನು ನೀಗಿಸುವುದು ದಾನದ ಕೆಲಸವೆಂದು ಬಹುಕಾಲ ತಿಳಿಯಲಾಗಿತ್ತು. ದಾನವಾದರೆ ಕೊಡುವವನ ಮನಸ್ಸು, ಹಕ್ಕಾದರೆ ಕೊಡಲೇಬೇಕಾದ ಹೊಣೆ. ಈ ಎರಡರ ಅಂತರವನ್ನು ನಮ್ಮ ಜನ ನ್ಯಾಯಾಲಯದಲ್ಲಿಯೂ ಬೀದಿಯಲ್ಲಿಯೂ ಹೋರಾಡಿ ಗಳಿಸಿದ್ದಾರೆ. ಕಾನೂನು ಕಾಗದದ ಮೇಲೆ ಉಳಿಯದೆ ತಟ್ಟೆಯವರೆಗೆ ಬರಬೇಕಾದರೆ ಊರಿನವರ ಕಾವಲು ಬೇಕು. ಇಳುವರಿ ಹೆಚ್ಚಿಸುವುದು ಹೇಗೆ ರೈತನ ಕೆಲಸವೋ, ಬೆಳೆದ ಅನ್ನ ತನ್ನ ಮನೆಯ ಮಗುವಿಗೂ ನೆರೆಮನೆಯ ಮಗುವಿಗೂ ಮುಟ್ಟಿತೇ ಎಂದು ನೋಡುವುದೂ ಹಾಗೆಯೇ ರೈತನ ಕೆಲಸ. ಈ ಸುಗ್ಗಿಯಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗ ಮನೆಯ ಕಣಜಕ್ಕೆ ಹೋಗಲಿ. ಮುಂದಿನ ಗ್ರಾಮಸಭೆಯಲ್ಲಿ ಪಡಿತರದ ಲೆಕ್ಕ ಕೇಳುವ ಮೊದಲ ಧ್ವನಿ ನಿಮ್ಮದಾಗಿರಲಿ.